ಮೈಸೂರಿನ ಹಳೆಯ ಹೆರಿಗೆ ಪುಸ್ತಕ ಮತ್ತು ನಮ್ಮ ಸಕ್ಕರೆ

2004ರ ಜನವರಿಯಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೋ ಅಕ್ಕಪಕ್ಕದಲ್ಲಿ ಅಚ್ಚಾಯಿತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್. ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರೂ ನೋಡಲು ತೆಳ್ಳಗಿನವರೇ. ಎತ್ತರಕ್ಕೂ ತೂಕಕ್ಕೂ ತಾಳೆ ಹಾಕುವ ಬಿಎಂಐ ಲೆಕ್ಕದಲ್ಲಿ ಇಬ್ಬರದೂ 22.3. ಆದರೆ ಡೆಕ್ಸಾ ಎಂಬ ಯಂತ್ರದಲ್ಲಿ ಮೈಯೊಳಗಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು 9.1%, ಯಾಜ್ಞಿಕ್ ಅವರದು 21.2%. ಒಂದೇ ಬಿಎಂಐ, ಎರಡು ಪಟ್ಟಿಗೂ ಮಿಕ್ಕಿದ ಕೊಬ್ಬು. ಇಬ್ಬರ ಹೆಸರೂ ಇಂಗ್ಲಿಷಿನ 'ವೈ' ಅಕ್ಷರದಿಂದ ಶುರುವಾಗುವುದರಿಂದ ಅದಕ್ಕೆ 'ವೈ-ವೈ ವಿರೋಧಾಭಾಸ' ಎಂದು ತಾವೇ ತಮಾಷೆಯ ಹೆಸರಿಟ್ಟರು.

ನಾನು ಪುಣೆಗೆ ಬಂದು 17 ವರ್ಷವಾಯಿತು. ನನ್ನ ತೂಕ 62 ಕಿಲೋ. ಮೂರು ವರ್ಷದ ಹಿಂದೆ ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಎಚ್‌ಬಿಎ1ಸಿ 6.1 ಬಂದಾಗ ಸುತ್ತಮುತ್ತಲಿನವರ ತೀರ್ಪು ಒಂದೇ: ಐಟಿ ಕೆಲಸ, ಕುರ್ಚಿ, ರಾತ್ರಿ ಕಾಲ್‌ಗಳು, ವಡಾಪಾವ್. ಅದರಲ್ಲಿ ನಿಜವಿಲ್ಲ ಅಂತಲ್ಲ. ಆದರೆ ಅದೇ ಕುರ್ಚಿಯಲ್ಲಿ ಕೂತು, ಅದೇ ಕಾಲ್‌ಗಳಲ್ಲಿ ನನಗಿಂತ ಹೆಚ್ಚು ಹೊತ್ತು ಕಳೆಯುವ, ನನಗಿಂತ 20 ಕಿಲೋ ಜಾಸ್ತಿ ಇರುವ ಜರ್ಮನ್ ಸಹೋದ್ಯೋಗಿಗೆ ಏನೂ ಇಲ್ಲವಲ್ಲ ಎಂಬ ಹೊಟ್ಟೆಕಿಚ್ಚಿನಿಂದ ಓದಲು ಶುರು ಮಾಡಿದೆ. ಓದು ಪುಣೆಯಿಂದ ಹೊರಟು ಹೋಗಿ ನಿಂತದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ.

ಕತೆ ಮೊದಲಾಗುವುದು ಮಾತ್ರ ಇಂಗ್ಲೆಂಡಿನಲ್ಲಿ. 1980ರ ದಶಕದಲ್ಲಿ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯರು, ಕ್ಲೈವ್ ಆಸ್ಮಂಡ್ ಎಂಬ ಅಂಕಿಅಂಶ ತಜ್ಞರ ಜೊತೆ ಸೇರಿ ಒಂದು ವಿಚಿತ್ರವನ್ನು ಗಮನಿಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನ ಯಾವ ಭಾಗಗಳಲ್ಲಿ 1920ರ ದಶಕದ ಮೊದಲರ್ಧದಲ್ಲಿ ಹಸುಗೂಸುಗಳು ಹೆಚ್ಚು ಸತ್ತಿದ್ದವೋ, ಅದೇ ಭಾಗಗಳಲ್ಲಿ ಐವತ್ತು ವರ್ಷಗಳ ನಂತರ ಹೃದಯಾಘಾತದ ಸಾವೂ ಹೆಚ್ಚಾಗಿತ್ತು. ಹೃದಯರೋಗ ಸಿರಿವಂತರ ಕಾಯಿಲೆ ಎಂದೇ ಆಗ ನಂಬಿಕೆ. ಇದು ಬಡತನದ ನಕ್ಷೆಯ ಮೇಲೆ ಹೇಗೆ ಬಿತ್ತು? ಒಬ್ಬೊಬ್ಬರ ಹುಟ್ಟಿನ ತೂಕ ಸಿಕ್ಕರೆ ಮಾತ್ರ ಉತ್ತರ ಸಿಗುವುದು. ಹುಡುಕಿದಾಗ ಹರ್ಟ್‌ಫರ್ಡ್‌ಶೈರಿನಲ್ಲಿ 1911ರಿಂದ ಬರೆದಿಟ್ಟ ಲೆಡ್ಜರುಗಳು ಸಿಕ್ಕವು. ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮುಖ್ಯ ಆರೋಗ್ಯ ಸಂದರ್ಶಕಿಯ ನರ್ಸುಗಳು ಮನೆಮನೆಗೆ ಹೋಗಿ ಮಕ್ಕಳನ್ನು ತೂಗಿ ಬರೆದಿಟ್ಟ ಪುಸ್ತಕಗಳು. ಅವುಗಳ ಆಧಾರದ ಮೇಲೆ 1989ರಲ್ಲಿ ಬಾರ್ಕರ್ ತೋರಿಸಿದ್ದು: ಹುಟ್ಟಿನಲ್ಲೂ ಮೊದಲ ವರ್ಷದಲ್ಲೂ ತೂಕ ಕಡಿಮೆ ಇದ್ದ ಗಂಡಸರು ಹೃದಯರೋಗದಿಂದ ಹೆಚ್ಚು ಸತ್ತಿದ್ದಾರೆ. ಎರಡು ವರ್ಷದ ಬಳಿಕ, ನಿಕ್ ಹೇಲ್ಸ್ ಎಂಬ ಜೀವರಸಾಯನ ತಜ್ಞರ ಜೊತೆಗೆ, ಸಕ್ಕರೆ ಕಾಯಿಲೆಗೂ ಹಾಗೇ ಎಂದರು.

ಅವರ ವಾದದ ತಿರುಳು ಇಷ್ಟು. ತಾಯಿಯ ಹೊಟ್ಟೆಯಲ್ಲಿ ಸಾಕಷ್ಟು ಪೋಷಣೆ ಸಿಗದ ಮಗು ಇದ್ದುದರಲ್ಲೇ ಸಂಸಾರ ತೂಗಿಸಿಕೊಳ್ಳುತ್ತದೆ. ಮಿದುಳಿಗೆ ಮೊದಲ ಪಾಲು. ಮಾಂಸಖಂಡ, ಯಕೃತ್ತು, ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿ ಇವುಗಳಿಗೆ ಉಳಿದದ್ದು. ಹೊರಗೆ ಬಂದ ಮೇಲೆ ಊಟ ಕಡಿಮೆಯೇ ಇದ್ದರೆ ಹೇಗೋ ನಡೆಯುತ್ತದೆ. ಊಟ ಹೆಚ್ಚಾದಾಗ ಈ ಕಿರಿದಾದ ಏರ್ಪಾಟಿಗೆ ಹೊರೆ ತಡೆಯಲಾಗದು. ಬಹಳ ಜನ ಒಪ್ಪಲಿಲ್ಲ. ಬಡವರ ಮಕ್ಕಳು ಸಣ್ಣಗೆ ಹುಟ್ಟುತ್ತಾರೆ, ಬಡವರಾಗಿಯೇ ಬೆಳೆಯುತ್ತಾರೆ, ದೊಡ್ಡವರಾಗಿ ಬೀಡಿ ಸಿಗರೇಟು ಸೇದುತ್ತಾರೆ. ದೋಷ ಬಡತನದ್ದೇ ಹೊರತು ಹುಟ್ಟಿನ ತೂಕದ್ದಲ್ಲ ಎಂದು ವಾದಿಸಿದರು. ತಕರಾರು ನ್ಯಾಯವಾದದ್ದೇ. ಅದನ್ನು ಪರೀಕ್ಷಿಸಬೇಕಾದರೆ ಇಂಗ್ಲೆಂಡಿನಂತಲ್ಲದ ಒಂದು ಊರು ಬೇಕು, ಅಲ್ಲೊಂದು ಹಳೆಯ ಪುಸ್ತಕ ಬೇಕು.

ಮೈಸೂರಿನವರು 'ಮಿಷನ್ ಆಸ್ಪತ್ರೆ' ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಅಂಥ ಪುಸ್ತಕಗಳಿದ್ದವು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಬರೆದಿಡುತ್ತಿದ್ದರು. ತಾಯಂದಿರ ತೂಕವೂ ಸಿಕ್ಕಿತು. 1934ರ ಮೈಸೂರನ್ನು ಒಮ್ಮೆ ನೆನೆಸಿಕೊಳ್ಳಿ. ಬಹುಪಾಲು ಹೆರಿಗೆಗಳು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದ ಕಾಲ. ಮಗುವಿನ ಉದ್ದವನ್ನು, ತಲೆಯನ್ನು ಅಳೆದು ಬರೆಯಬೇಕೆಂದು ಆ ವಾರ್ಡಿನಲ್ಲಿ ಪಟ್ಟು ಹಿಡಿದವರು ಯಾರೋ ಇದ್ದರು. ಅರವತ್ತು ವರ್ಷದ ನಂತರ ಯಾರಾದರೂ ಇದನ್ನು ಕೇಳಿಕೊಂಡು ಬರುತ್ತಾರೆ ಎಂದಲ್ಲ, ಕೆಲಸ ಎಂದರೆ ಹಾಗೆ ಮಾಡಬೇಕು ಎಂದು. ನಮ್ಮ ಕಸುಬಿನಲ್ಲಿ ಹಳೆಯ ಡೇಟಾವನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಪ್ರಾಜೆಕ್ಟುಗಳನ್ನು ನಾನು ಹತ್ತಾರು ನೋಡಿದ್ದೇನೆ. ಐದು ವರ್ಷದ ಹಿಂದಿನ ಕಾಲಂಗಳೇ ಖಾಲಿ ಇರುತ್ತವೆ, ಇಲ್ಲವೇ ಎಲ್ಲದರಲ್ಲೂ ಒಂದೇ ಅಂಕಿ ತುಂಬಿರುತ್ತದೆ. ಹಾಗಾಗಿ ಆ ಹೆಸರು ಗೊತ್ತಿಲ್ಲದ ನರ್ಸಮ್ಮಂದಿರ ಮೇಲೆ ನನಗೆ ವಿಶೇಷ ಗೌರವ.

ಪುಸ್ತಕ ಇದ್ದರೆ ಸಾಲದು, ಅದರಲ್ಲಿನ ಮಕ್ಕಳು ಸಿಗಬೇಕು. ಪುಸ್ತಕದಲ್ಲಿ ಇರುವುದು ತಾಯಿಯ ವಿವರ, ಮಗುವಿಗೆ ಇನ್ನೂ ಹೆಸರೇ ಇಟ್ಟಿಲ್ಲ. 1993ರಿಂದ ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ತಿರುಗಿ, ನೀವು ಎಲ್ಲಿ ಹುಟ್ಟಿದಿರಿ, ತಂದೆತಾಯಿಯ ಹೆಸರೇನು ಎಂದು ವಿಚಾರಿಸಿ, ಬಂದ ಉತ್ತರವನ್ನು ಪುಸ್ತಕದ ಜೊತೆ ಹೊಂದಿಸಿದರು. 2001ರ ಹೊತ್ತಿಗೆ 1934ರಿಂದ 1966ರ ನಡುವೆ ಹುಟ್ಟಿದ 3,427 ಜನ ಈ ಅಧ್ಯಯನದೊಳಗೆ ಬಂದಿದ್ದರು. ಸೌತಾಂಪ್ಟನ್ನಿನಿಂದ ಇದನ್ನು ನಡೆಸಿದವರಲ್ಲಿ ಮುಖ್ಯರು ಕ್ಯಾರೋಲಿನ್ ಫಾಲ್ ಎಂಬ ವೈದ್ಯೆ.

ಮೊದಲ ಫಲ 1996ರಲ್ಲಿ ಬಂತು. 1934ರಿಂದ 1954ರ ಒಳಗೆ ಹುಟ್ಟಿದ 517 ಮಂದಿಯ ಪರೀಕ್ಷೆ. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದು ಹುಟ್ಟಿದವರಲ್ಲಿ 11% ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ದಾಟಿದವರಲ್ಲಿ 3%. ಇಡೀ ಗುಂಪನ್ನು ತೆಗೆದುಕೊಂಡರೆ ಈ ಇಳಿಕೆ ಅಂಕಿಅಂಶದ ಕಟ್ಟುನಿಟ್ಟಿನಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ, 45 ವಯಸ್ಸು ದಾಟಿದವರಲ್ಲಿ ನಿಂತಿತು. ಎಲ್ಲಕ್ಕಿಂತ ಹೆಚ್ಚು ಕಾಯಿಲೆ, ಅಂದರೆ 20%, ಇದ್ದದ್ದು ತಾವೂ ಸಣ್ಣಗೆ ಹುಟ್ಟಿ, ತಾಯಿಯೂ ಬಸುರಿಯಲ್ಲಿ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ. ಹರ್ಟ್‌ಫರ್ಡ್‌ಶೈರಿನ ಮಾತು ಮೈಸೂರಿನಲ್ಲೂ ನಿಜವಾಯಿತು ಎನ್ನಿ.

ಆದರೆ ಸಕ್ಕರೆ ಕಾಯಿಲೆಯ ಲೆಕ್ಕ ಮಾಡಿದಾಗ ಮೈಸೂರು ಉಲ್ಟಾ ಹೊಡೆಯಿತು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹುಟ್ಟಿನ ತೂಕ ಕಡಿಮೆ ಇದ್ದವರಿಗೆ ಸಕ್ಕರೆ ಹೆಚ್ಚು ಎಂಬುದು ಕಾಣಲೇ ಇಲ್ಲ. ಸಕ್ಕರೆ ಹೆಚ್ಚಾಗಿದ್ದದ್ದು ಹುಟ್ಟುವಾಗ ಗಿಡ್ಡಗಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದ ಮಕ್ಕಳಲ್ಲಿ. ಅವರ ತಾಯಂದಿರು ಬಡಕಲಾಗಿರಲಿಲ್ಲ. ಉಳಿದವರಿಗಿಂತ ತೂಕವಾಗಿಯೇ ಇದ್ದರು. ಬಾರ್ಕರ್ ಅವರ ಸ್ವಂತ ಗುಂಪೇ ಅವರ ಸಿದ್ಧಾಂತಕ್ಕೆ ಹೊಂದದ ಫಲಿತಾಂಶವನ್ನು ಅಚ್ಚು ಹಾಕಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಹಿಡಿಸಿದ ಗಳಿಗೆ ಇದು. ಹೊಂದದ ಡೇಟಾ ಬಂದಾಗ ಮೈಸೂರಿನ ತಕ್ಕಡಿ ಸರಿ ಇರಲಿಲ್ಲ ಎನ್ನುವುದು ಎಷ್ಟು ಸುಲಭವಿತ್ತು!

ಹಾಗಾದರೆ ಇದರ ಅರ್ಥವೇನು? ಅವರು ಊಹಿಸಿದ್ದು ಎರಡು ತಲೆಮಾರಿನ ಕತೆ. ಸಣ್ಣಗೆ ಹುಟ್ಟಿ, ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿ ಪಟ್ಟಣದಲ್ಲಿ ಸ್ವಲ್ಪ ಮೈ ತುಂಬಿಕೊಳ್ಳುತ್ತಾಳೆ. ಅವಳ ಇನ್ಸುಲಿನ್‌ಗೆ ಆ ಮೈ ಭಾರವೇ. ಅದರ ಮೇಲೆ ಬಸುರು. ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಕಾಲದಲ್ಲಿ ಅದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಸಕ್ಕರೆ ಕರುಳಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ, ಮಗು ದುಂಡಗಾಗುತ್ತದೆ.

ಇದು ಊಹೆ. ಪರೀಕ್ಷಿಸಲು ಹಳೆಯ ಪುಸ್ತಕ ಸಾಲದು, ಈಗ ಬಸುರಾಗಿರುವವರನ್ನೇ ನೋಡಬೇಕು. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಅಧ್ಯಯನ ಶುರುವಾಯಿತು. ಹಣ ಕೊಟ್ಟ ಟ್ರಸ್ಟಿನ ಹೆಸರಿನಿಂದ ಅದಕ್ಕೆ 'ಪಾರ್ಥೆನಾನ್ ಅಧ್ಯಯನ' ಎಂದು ಹೆಸರು. ಮುಂದೆ ಅದನ್ನು ಬೆಳೆಸಿದವರು ಅಲ್ಲಿನ ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು. 785 ಬಸುರಿಯರಲ್ಲಿ 6.2% ಮಂದಿಗೆ ಬಸುರಿಯ ಸಕ್ಕರೆ ಇತ್ತು. ಅವರ ಮಕ್ಕಳು ಹುಟ್ಟುವಾಗ ದೊಡ್ಡವರೇ. ಐದನೆಯ ವರ್ಷಕ್ಕೆ ಹೆಣ್ಣುಮಕ್ಕಳಲ್ಲಿ ಮಾತ್ರ ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚು ಕಂಡಿತು. ಒಂಬತ್ತೂವರೆ ವರ್ಷಕ್ಕೆ ಗಂಡು ಹೆಣ್ಣು ಇಬ್ಬರಲ್ಲೂ. ಅಂಥ ಮಕ್ಕಳ ಸಂಖ್ಯೆ ಸುಮಾರು 40, ದೊಡ್ಡದಲ್ಲ. ಆದರೂ 1998ರ ಊಹೆ ನಡೆದ ದಾರಿಯಲ್ಲೇ ಅವರೂ ನಡೆದರು.

ಈಗ ಪುಣೆಗೆ ಬರೋಣ. ಮೈಸೂರಿನಲ್ಲಿ ಮನೆಮನೆ ಸುತ್ತುತ್ತಿದ್ದ ಅದೇ ವರ್ಷಗಳಲ್ಲಿ ಯಾಜ್ಞಿಕ್ ಅವರು, ಸೌತಾಂಪ್ಟನ್ನಿನ ಅದೇ ಗುಂಪಿನ ಜೊತೆಗೂಡಿ, ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಬಸುರಾಗುವ ಮೊದಲಿನಿಂದಲೇ ಗಮನಿಸಲು ಶುರು ಮಾಡಿದ್ದರು. ಪುಣೆ ತಾಯಂದಿರ ಪೋಷಣಾ ಅಧ್ಯಯನ ಎಂದು ಅದರ ಹೆಸರು. ಆ ತಾಯಂದಿರ ಸರಾಸರಿ ತೂಕ 42 ಕಿಲೋ ಆಸುಪಾಸು, ಎತ್ತರ 152 ಸೆಂಟಿಮೀಟರ್. ಅವರಿಗೆ ಹುಟ್ಟಿದ, ದಿನ ತುಂಬಿದ 631 ಮಕ್ಕಳನ್ನು ಸೌತಾಂಪ್ಟನ್ನಿನ 338 ಮಕ್ಕಳ ಜೊತೆ ಹೋಲಿಸಿದರು. ಅಲ್ಲಿಯ ಮಗು ಸರಾಸರಿ 3.5 ಕಿಲೋ, ಇಲ್ಲಿಯದು 2.7. ಎಲ್ಲ ಅಳತೆಯಲ್ಲೂ ನಮ್ಮ ಮಕ್ಕಳು ಸಣ್ಣವರೇ, ಆದರೆ ಒಂದೇ ಸಮನಾಗಿ ಸಣ್ಣವರಲ್ಲ. ಹೊಟ್ಟೆಯ ಸುತ್ತಳತೆ ತೀರಾ ಕಡಿಮೆ. ಒಳಗಿನ ಅಂಗಗಳು ಕಿರಿದು ಎಂಬುದರ ಗುರುತು ಅದು. ತೋಳು ಸಣ್ಣ, ಅಂದರೆ ಮಾಂಸಖಂಡ ಕಡಿಮೆ. ಅತಿ ಕಡಿಮೆ ಕೊರತೆ ಕಂಡದ್ದು ಹೆಗಲ ಮೂಳೆಯ ಕೆಳಗೆ ಚರ್ಮವನ್ನು ಚಿಮಟಿ ಹಿಡಿದು ಅಳೆದಾಗ. ಅಲ್ಲಿ ಸಿಗುವುದು ಕೊಬ್ಬು. ಮಾಂಸಖಂಡ ಬಿಟ್ಟುಕೊಟ್ಟ ಮಗು ಕೊಬ್ಬನ್ನು ಬಿಟ್ಟುಕೊಟ್ಟಿರಲಿಲ್ಲ. 2003ರಲ್ಲಿ ಪ್ರಕಟವಾದ ಈ ಪ್ರಬಂಧವೇ 'ತೆಳ್ಳಗಿನ ದಪ್ಪ ಮಗು' ಎಂಬ ಮಾತನ್ನು ಜಗತ್ತಿಗೆ ಕೊಟ್ಟಿದ್ದು. ಮೈಸೂರಿನ ಪಾರ್ಥೆನಾನ್ ಮಕ್ಕಳಲ್ಲೂ ಇದೇ ಚಿತ್ರ ಕಂಡಿತು. ವೈ-ವೈ ಫೋಟೋದಲ್ಲಿನ ಯಾಜ್ಞಿಕ್ ಹೀಗೇ ಒಂದು ಮಗುವಾಗಿದ್ದಿರಬೇಕು. ನಾನೂ.

ಇಲ್ಲಿಗೆ ನಿಲ್ಲಿಸಿದರೆ ಓದುಗರು ಒಂದು ಅಪಾಯದ ತೀರ್ಮಾನಕ್ಕೆ ಬರುತ್ತಾರೆ. ನಾನು ಅದನ್ನು ಹತ್ತಿರದಿಂದ ನೋಡಿದ್ದೇನೆ. ಹೈದರಾಬಾದಿನಲ್ಲಿರುವ ನನ್ನ ತಂಗಿಗೆ ಎರಡನೆಯ ಬಸುರಿಯಲ್ಲಿ ಸಕ್ಕರೆ ಬಂದಾಗ ಡಾಕ್ಟರ್ ಒಬ್ಬರು ಎಲ್ಲರೆದುರು "ನಿಮ್ಮ ಬಾಯಿ ಚಪಲಕ್ಕೆ ಮಗು ಅನುಭವಿಸಬೇಕಾಗುತ್ತೆ" ಎಂದರಂತೆ. ಮನೆಯಲ್ಲೂ ಅದೇ ಮಾತು ಸುತ್ತು ಹೊಡೆಯಿತು. ಅವಳು ರಾತ್ರಿ ಫೋನ್ ಮಾಡಿ, "ಅಣ್ಣಾ, ನಾನು ಅಷ್ಟೊಂದು ತಿಂದೆನೇನೋ?" ಎಂದು ಅತ್ತಿದ್ದಳು. ಸಂಶೋಧನೆಯ ಶೀರ್ಷಿಕೆಗಳಲ್ಲಿ 'ತಾಯಿಯ ತೂಕ', 'ತಾಯಿಯ ಪೋಷಣೆ', 'ತಾಯಿಯ ಸಕ್ಕರೆ' ಎಂದು ಓದುತ್ತ ಹೋದರೆ ಎಲ್ಲವೂ ತಾಯಿಯ ಕೈಯಲ್ಲೇ ಇತ್ತೇನೋ ಅನ್ನಿಸುತ್ತದೆ. ಶೀರ್ಷಿಕೆ ದಾಟಿ ಒಳಗೆ ಓದಿದರೆ ಬೇರೆಯೇ ಸಂಗತಿ.

ಪುಣೆಯ ಅದೇ ಹಳ್ಳಿಗಳಲ್ಲಿ ತಾಯಂದಿರು ಏನು ತಿಂದರು ಎಂಬುದರ ಜೊತೆಗೆ ಏನು ಕೆಲಸ ಮಾಡಿದರು ಎಂಬುದನ್ನೂ ಬರೆದುಕೊಂಡಿದ್ದರು. ಹೊಲದ ಕೆಲಸ, ನೀರು ಹೊರುವುದು, ಮನೆಗೆಲಸ. ಹೆಚ್ಚು ಮೈಮುರಿದು ದುಡಿದವರ ಮಕ್ಕಳು ಹೆಚ್ಚು ಸಣ್ಣಗೆ ಹುಟ್ಟಿದರು. ಊಟದ ಕಡೆ ನೋಡಿದರೆ, ಒಟ್ಟು ಎಷ್ಟು ಕ್ಯಾಲೊರಿ ತಿಂದರು ಎಂಬುದಕ್ಕಿಂತ ಸೊಪ್ಪು, ಹಾಲು, ಹಣ್ಣು ಎಷ್ಟು ಸಲ ತಟ್ಟೆಗೆ ಬಂತು ಎಂಬುದು ಮಗುವಿನ ಗಾತ್ರಕ್ಕೆ ಹೆಚ್ಚು ಹೊಂದಿಕೊಂಡಿತು. ಹಾಲು ಡೇರಿಗೆ ಹೋಗಬೇಕೋ ಸೊಸೆಯ ಲೋಟಕ್ಕೆ ಬೀಳಬೇಕೋ ಎಂಬುದನ್ನು ಯಾವ ಹಳ್ಳಿಮನೆಯಲ್ಲಿ ಸೊಸೆ ತೀರ್ಮಾನಿಸುತ್ತಾಳೆ? ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಅವಳ ಪಾಲು ಎಂಬುದನ್ನು ನಮ್ಮ ಅಜ್ಜಿಯರ ಮನೆಗಳಲ್ಲಿ ನಾವೆಲ್ಲ ಕಂಡೇ ಬೆಳೆದಿದ್ದೇವೆ.

ಇನ್ನು ಬಿ12. ಈ ವಿಟಮಿನ್ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪ್ರಾಣಿಮೂಲದ ಆಹಾರದಲ್ಲಿ. ಪುಣೆಯ ಅಧ್ಯಯನದಲ್ಲಿ ಮೂರನೆ ಎರಡು ಪಾಲು ತಾಯಂದಿರಲ್ಲಿ ಅದು ಕಡಿಮೆ ಇತ್ತು. ಫೋಲೇಟ್ ಕಡಿಮೆ ಇದ್ದದ್ದು ಒಬ್ಬರಲ್ಲಿ ಮಾತ್ರ. ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ನಾಟದ ಲಕ್ಷಣ ಎಲ್ಲರಿಗಿಂತ ಹೆಚ್ಚು ಎಂದು 2008ರಲ್ಲಿ ಬರೆದರು. ಮೈಸೂರಿನಲ್ಲೂ 43% ಬಸುರಿಯರಿಗೆ ಬಿ12 ಕಡಿಮೆ ಇತ್ತು, ಅವರಲ್ಲಿ ಬಸುರಿಯ ಸಕ್ಕರೆಯ ಸಂಭವವೂ ಹೆಚ್ಚಿತ್ತು. ಆದರೆ ಅವರ ಮಕ್ಕಳನ್ನು ನೋಡಿದಾಗ ತಾಯಿಯ ಫೋಲೇಟಿನ ಪಾತ್ರ ಕಂಡಿತೇ ಹೊರತು ಬಿ12ರದು ಕಾಣಲಿಲ್ಲ. ಎರಡು ಊರು ಪೂರ್ತಿ ಒಪ್ಪುವುದಿಲ್ಲ ಎನ್ನುವುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. (ಇದನ್ನು ಓದಿ ಯಾರೂ ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಬೇಡಿ. ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳಲು ಅದು ಬೇಕೇ ಬೇಕು. ಪ್ರಶ್ನೆ ಇರುವುದು ಬಿ12 ಯಾಕೆ ಜೊತೆಗಿಲ್ಲ ಎಂಬುದರಲ್ಲಿ.)

ಊಟವನ್ನು ಬದಲಿಸಿದರೆ ಏನಾಗುತ್ತದೆ ಎಂದು ನೋಡಿದ್ದು ಮುಂಬೈಯಲ್ಲಿ. 2006ರಿಂದ ಅಲ್ಲಿನ ಕೊಳೆಗೇರಿಗಳ 6,513 ಹೆಣ್ಣುಮಕ್ಕಳನ್ನು ಎರಡು ಗುಂಪು ಮಾಡಿ, ಬಸುರಾಗುವ ಮೊದಲಿನಿಂದ ಹೆರಿಗೆಯವರೆಗೆ ದಿನಾ ಒಂದು ತಿಂಡಿ ಕೊಟ್ಟರು. ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಸೇರಿದ ತಿಂಡಿ. ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿಯಂಥದ್ದರ ತಿಂಡಿ. ಮಾತ್ರೆಯಲ್ಲ, ತಿಂಡಿ, ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಮಕ್ಕಳ ಹುಟ್ಟಿನ ತೂಕ ಹೆಚ್ಚುತ್ತದೆ ಎಂಬ ನಿರೀಕ್ಷೆ ಒಟ್ಟಾರೆಯಾಗಿ ಸುಳ್ಳಾಯಿತು. ಬಸುರಾಗುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲಿನಿಂದ ತಿಂದವರಲ್ಲಿ ಮಾತ್ರ ಸರಾಸರಿ 48 ಗ್ರಾಂ ಹೆಚ್ಚಿತು. ಆದರೆ ಯಾರೂ ಮುಖ್ಯವಾಗಿ ಹುಡುಕದಿದ್ದ ಇನ್ನೊಂದು ಫಲ ಸಿಕ್ಕಿತು. ಆಲೂಗಡ್ಡೆ ಗುಂಪಿನಲ್ಲಿ ಬಸುರಿಯ ಸಕ್ಕರೆ 12.4%, ಸೊಪ್ಪಿನ ಗುಂಪಿನಲ್ಲಿ 7.3%. ಬಾಯಿ ಚಪಲ ಎಂದ ಡಾಕ್ಟರಿಗೆ ಈ ಎರಡು ಅಂಕಿ ತೋರಿಸಬೇಕೆಂದು ನನಗೆ ಬಹಳ ಆಸೆ. ಅದೇ ಕೊಳೆಗೇರಿ, ಅದೇ ಮನೆ. ಬದಲಾದದ್ದು ದಿನಕ್ಕೊಂದು ತಿಂಡಿ, ಅದೂ ಹೊರಗಿನವರು ಮಾಡಿಕೊಟ್ಟದ್ದು.

ಪುಣೆಯ ಆರು ಹಳ್ಳಿಗಳ ಆ ಮಕ್ಕಳು ಈಗ ದೊಡ್ಡವರು. ಹದಿನೆಂಟು ತುಂಬಿದಾಗ ಅವರಲ್ಲಿ 619 ಮಂದಿಯ ರಕ್ತ ಪರೀಕ್ಷೆಯಾಯಿತು. ಗಂಡುಹುಡುಗರಲ್ಲಿ 37%, ಹೆಣ್ಣುಹುಡುಗಿಯರಲ್ಲಿ 18% ಮಂದಿಗೆ ಆಗಲೇ ಸಕ್ಕರೆಯ ಲೆಕ್ಕ ತಪ್ಪಿತ್ತು. ಅವರು ಐಟಿಯವರಲ್ಲ, ಹಳ್ಳಿಯವರು. ಹೆಚ್ಚುಕಡಿಮೆ ಅರ್ಧ ಜನರ ಬಿಎಂಐ 18.5ಕ್ಕಿಂತ ಕೆಳಗೆ, ಅಂದರೆ ಅಳತೆಯ ಪ್ರಕಾರ ಸೊರಗಿದವರು. ಕುರ್ಚಿಯನ್ನೂ ವಡಾಪಾವನ್ನೂ ಒಂದೇ ಉಸಿರಿನಲ್ಲಿ ಬೈಯುವವರು ಈ ಹುಡುಗರಿಗೆ ಏನು ಹೇಳುತ್ತಾರೋ. ಹಾಗೆಂದು ನಡಿಗೆ, ಊಟದ ಹದ ವ್ಯರ್ಥ ಎಂದೂ ಅಲ್ಲ. ಯಾಜ್ಞಿಕ್ ಅವರ ಗುಂಪೇ ಕೆಇಎಂನಲ್ಲಿ ಹುಟ್ಟಿದ 477 ಮಕ್ಕಳನ್ನು ಎಂಟನೆಯ ವಯಸ್ಸಿನಲ್ಲಿ ನೋಡಿ 1999ರಲ್ಲಿ ಬರೆದದ್ದು ಇದೇ: ಅತಿ ಹೆಚ್ಚು ಅಪಾಯ ಸಣ್ಣಗೆ ಹುಟ್ಟಿ ಆಮೇಲೆ ದಪ್ಪಗಾದವರಿಗೆ. ಮೊದಲನೆಯದು ನಮ್ಮ ಕೈಯಲ್ಲಿರಲಿಲ್ಲ, ಎರಡನೆಯದು ಸ್ವಲ್ಪಮಟ್ಟಿಗೆ ಇದೆ. ನಾನು ಬೆಳಿಗ್ಗೆ ನಡೆಯುತ್ತೇನೆ, ಅನ್ನ ಕಡಿಮೆ ಮಾಡಿದ್ದೇನೆ, ಎಚ್‌ಬಿಎ1ಸಿ 5.8ಕ್ಕೆ ಇಳಿದು ಅಲ್ಲೇ ನಿಂತಿದೆ.

2012ರಲ್ಲಿ, ಆ ಮಕ್ಕಳು ಹದಿಹರೆಯದಲ್ಲಿದ್ದಾಗ, ಅವರಿಗೇ ದಿನಾ ಸ್ವಲ್ಪ ಬಿ12 ಕೊಡುವ ಹೊಸ ಪ್ರಯೋಗ ಶುರುವಾಯಿತು. ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ. ನೋಡಬೇಕಾದದ್ದು ಅವರ ಆರೋಗ್ಯವನ್ನಷ್ಟೇ ಅಲ್ಲ, ಮುಂದೆ ಅವರಿಗೆ ಹುಟ್ಟುವ ಮಕ್ಕಳನ್ನು. ಮೈಸೂರಿನಲ್ಲಿ 1934ರ ಪುಸ್ತಕದ ಮಕ್ಕಳನ್ನು ಮತ್ತೊಮ್ಮೆ ಹುಡುಕಿಕೊಂಡು ಹೋದರು. ಈ ಸಲ ನೋಡಿದ್ದು ಇಳಿವಯಸ್ಸಿನ ನೆನಪಿನ ಶಕ್ತಿಯನ್ನು. ನಮ್ಮ ದೊಡ್ಡಮ್ಮ ಹುಟ್ಟಿದ್ದು ಅದೇ ಮಿಷನ್ ಆಸ್ಪತ್ರೆಯಲ್ಲಿ, 1951ರಲ್ಲಿ. ಮದುವೆಯಾಗಿ ಶಿವಮೊಗ್ಗಕ್ಕೆ ಹೋದದ್ದರಿಂದ ಅವರನ್ನು ಯಾರೂ ಹುಡುಕಿ ಬರಲಿಲ್ಲ. ಆಗ ಎಷ್ಟು ತೂಕವಿದ್ದಿರಿ ದೊಡ್ಡಮ್ಮ ಎಂದು ಕಳೆದ ಯುಗಾದಿಗೆ ಕೇಳಿದರೆ, "ಅದನ್ನ ಯಾರು ನೋಡ್ತಿದ್ರೋ ಆಗೆಲ್ಲ" ಎಂದರು. ನೋಡಿ ಬರೆದಿದ್ದಾರೆ, ದೊಡ್ಡಮ್ಮ.